ಐದು ಸೆಕೆಂಡಿನ ವ್ಯತ್ಯಾಸ ಮತ್ತು ಒಂದು ಪಾಸ್‌ವರ್ಡ್

ಮಾನ್ಯ ಸಂಪಾದಕರೇ,

ಜೂನ್ ಬಂತೆಂದರೆ ಕರಾವಳಿಯವರಿಗೂ ನಕ್ಷತ್ರಗಳಿಗೂ ಸಂಬಂಧ ಮುಗಿಯಿತು, ಟೆಲಿಸ್ಕೋಪಿಗೆ ಬಟ್ಟೆ ಸುತ್ತಿಟ್ಟು ದೀಪಾವಳಿಯವರೆಗೆ ಕಾಯಬೇಕು ಎಂದು ಓದುಗರೊಬ್ಬರು ಇದೇ ಅಂಕಣದಲ್ಲಿ ಬರೆದಿದ್ದರು. ಅರ್ಧ ಮಾತು ಸರಿ. ಕಟಪಾಡಿಯ ನಮ್ಮ ಮನೆಯ ತಾರಸಿಯಿಂದ ಈಗ ಪಕ್ಕದ ಮನೆಯ ತೆಂಗಿನಮರ ಕಂಡರೆ ಪುಣ್ಯ. ಉಳಿದರ್ಧಕ್ಕೆ ನನ್ನ ತಕರಾರಿದೆ. ಕಾರ್ತೆಲ್ ತಿಂಗಳ ಧೋ ಎನ್ನುವ ಮಳೆಯಲ್ಲೇ ಕೂತು ನಾನು ಏಡಿ ನೀಹಾರಿಕೆಯನ್ನು, ಅಂದರೆ ಸಿಡಿದ ನಕ್ಷತ್ರವೊಂದರ ಅವಶೇಷವನ್ನು, ನೋಡಿದೆ. ಕಣ್ಣಿಗೆ ಕಾಣುವ ಬೆಳಕಿನಲ್ಲಲ್ಲ, ಎಕ್ಸ್-ರೇಗಿಂತಲೂ ಹೆಚ್ಚು ಶಕ್ತಿಯ ಗಾಮಾ ಕಿರಣದಲ್ಲಿ. ಅಡುಗೆಮನೆಯ ಮೇಜಿನ ಮೇಲೆ, ಲ್ಯಾಪ್‌ಟಾಪಿನಲ್ಲಿ.

ನಾನು ವಿಜ್ಞಾನಿ ಅಲ್ಲ. 34 ವರ್ಷ ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದವನು. ತಮ್ಮನ ಮಗಳು ಫಿಸಿಕ್ಸ್ ಡಿಗ್ರಿ ಕೊನೆಯ ವರ್ಷದಲ್ಲಿದ್ದಾಳೆ. ಒಂದು ಸಂಜೆ ನೆನೆದುಕೊಂಡು ಬಂದವಳು, "ದೊಡ್ಡಪ್ಪ, ನಿಮ್ಮ ಲ್ಯಾಪ್‌ಟಾಪ್ ಒಂದು ತಿಂಗಳು ಕೊಡ್ತೀರಾ?" ಎಂದು ಕೇಳಿದಳು. ಕಾಲೇಜಿನಲ್ಲಿ ಅಷ್ಟು ಕಂಪ್ಯೂಟರ್ ಇರುವಾಗ ನನ್ನದು ಯಾಕೆ ಎನ್ನುವುದನ್ನು ಆಮೇಲೆ ಹೇಳುತ್ತೇನೆ. ಕೊಡುತ್ತೇನೆ, ಆದರೆ ನನಗೂ ಕಲಿಸಬೇಕು ಎಂದೆ.

ನಾಸಾದ ಫರ್ಮಿ ಎಂಬ ಗಾಮಾ ಕಿರಣ ದೂರದರ್ಶಕ 2008ರ ಜೂನ್‌ನಿಂದ ಭೂಮಿಯನ್ನು ಸುತ್ತುತ್ತಿದೆ. ಒಂದು ಸುತ್ತಿಗೆ ಸುಮಾರು ಒಂದೂವರೆ ಗಂಟೆ, ಎರಡು ಸುತ್ತಿಗೆ ಇಡೀ ಆಕಾಶ ಒಮ್ಮೆ ನೋಡಿ ಮುಗಿಯುತ್ತದೆ. ಗಾಮಾ ಕಿರಣ ನಮ್ಮ ವಾತಾವರಣವನ್ನು ದಾಟಿ ನೆಲಕ್ಕೆ ಬರುವುದಿಲ್ಲ, ಹಾಗಾಗಿ ನೇರವಾಗಿ ಹಿಡಿಯಬೇಕಾದರೆ ಮೇಲೆಯೇ ಹಿಡಿಯಬೇಕು. ಫರ್ಮಿಯ ಮುಖ್ಯ ಉಪಕರಣ ಹಿಡಿದ ಫೋಟಾನ್‌ಗಳ (ಬೆಳಕಿನ ಕಣಗಳ) ಪಟ್ಟಿ 2009ರಿಂದ ಎಲ್ಲರಿಗೂ ಮುಕ್ತ. ಜಾಲತಾಣದಲ್ಲಿ ಯಾವ ದಿಕ್ಕು, ಯಾವ ಅವಧಿ, ಎಷ್ಟು ಶಕ್ತಿ ಎಂದು ತುಂಬಿದರೆ ಸ್ವಲ್ಪ ಹೊತ್ತಿನಲ್ಲಿ ಫೈಲು ಸಿದ್ಧ. ಫೀಸು ಇಲ್ಲ, ಶಿಫಾರಸು ಬೇಡ.

ಫೈಲು ತೆರೆದಾಗ ನನಗೆ ನಗು ಬಂತು. ಚಿತ್ರವೇ ಇಲ್ಲ! ಸಾಲು ಸಾಲಾಗಿ ಎಂಟ್ರಿಗಳು. ಒಂದೊಂದು ಫೋಟಾನಿಗೂ ಒಂದೊಂದು ಸಾಲು: ಬಂದ ಹೊತ್ತು, ಬಂದ ದಿಕ್ಕು, ಶಕ್ತಿ. ಥೇಟ್ ನಮ್ಮ ಬ್ಯಾಂಕಿನ ಡೇ ಬುಕ್.

ಯಾವ ತಿಂಗಳ ಫೈಲು ತೆಗೆದುಕೊಳ್ಳುವುದು ಎಂಬುದಕ್ಕೂ ಚರ್ಚೆ ಆಯಿತು. ನಾನು ಜೂನ್ ಎಂದೆ. "ಜೂನ್ ಬೇಡ ದೊಡ್ಡಪ್ಪ, ಮಿಥುನ ಸಂಕ್ರಮಣದ ಹೊತ್ತಿಗೆ ಸೂರ್ಯ ಏಡಿ ನೀಹಾರಿಕೆಯ ಪಕ್ಕದಲ್ಲೇ ಹೋಗ್ತಾನೆ. ಅವನಿಂದಲೂ ಗಾಮಾ ಕಿರಣ ಬರುತ್ತೆ, ಲೆಕ್ಕ ಕಲಸಿಹೋಗುತ್ತೆ" ಎಂದಳು. ಹಾಗಾಗಿ 2024ರ ಜನವರಿ ತೆಗೆದುಕೊಂಡೆವು.

ಫರ್ಮಿಯ ಗಡಿಯಾರ 2001ರ ಜನವರಿ 1ರಿಂದ ಸೆಕೆಂಡುಗಳನ್ನು ಎಣಿಸುತ್ತದೆ. ಡೆಪಾಸಿಟ್ಟಿನ ದಿನ ಎಣಿಸಿ ಪಳಗಿದ ಕೈ ನನ್ನದು, ಕಾಗದದ ಮೇಲೆಯೇ ಲೆಕ್ಕ ಹಾಕಿದೆ. 23 ವರ್ಷ, ಅದರಲ್ಲಿ ಐದು ಅಧಿಕ ವರ್ಷ, ಒಟ್ಟು 8,400 ದಿನ. 86,400ರಿಂದ ಗುಣಿಸಿದರೆ 72,57,60,000. ಕಂಪ್ಯೂಟರ್ ತೋರಿಸಿದ್ದು 72,57,60,005. ಐದು ಸೆಕೆಂಡ್ ಜಾಸ್ತಿ! ಕ್ಯಾಷಿನಲ್ಲಿ ಐದು ರೂಪಾಯಿ ವ್ಯತ್ಯಾಸ ಬಂದರೆ ರಾತ್ರಿ ಎಂಟರವರೆಗೆ ಕೂತು ಹುಡುಕಿದವನಿಗೆ ನಿದ್ದೆ ಬರುತ್ತದೆಯೇ? ಎರಡು ದಿನ ತಲೆ ಕೆಡಿಸಿಕೊಂಡೆ. ಕೊನೆಗೆ ಅವಳೇ ಹುಡುಕಿ ಹೇಳಿದಳು. ಭೂಮಿಯ ತಿರುಗುವಿಕೆಗೆ ಹೊಂದಿಸಲು ಆಗಾಗ ಗಡಿಯಾರಕ್ಕೆ ಒಂದು ಸೆಕೆಂಡ್ ಸೇರಿಸುತ್ತಾರೆ. 2005ರಿಂದ 2016ರ ನಡುವೆ ಹಾಗೆ ಸೇರಿಸಿದ್ದು ಸರಿಯಾಗಿ ಐದು. ತಾಳೆ ಆಯಿತು. ಆ ದಿನ ಮನೆಯಲ್ಲಿ ಪತ್ರೊಡೆ ಮಾಡಿಸಿದೆ.

ತಂತ್ರಾಂಶದ ಹೆಸರು ಫರ್ಮಿಟೂಲ್ಸ್. ಇದೂ ಉಚಿತ. ವಿಂಡೋಸ್‌ನಲ್ಲಿ ನೇರವಾಗಿ ಓಡುವುದಿಲ್ಲ, ಲಿನಕ್ಸ್ (ವಿಂಡೋಸ್‌ನಂಥದೇ ಇನ್ನೊಂದು ವ್ಯವಸ್ಥೆ, ಉಚಿತ) ಅಥವಾ ಮ್ಯಾಕ್ ಬೇಕು. ಮೌಸಿಗೆ ಕೆಲಸ ಕಡಿಮೆ, ಕಪ್ಪು ಪರದೆಯ ಮೇಲೆ ಒಂದೊಂದೇ ಆಜ್ಞೆ ಟೈಪ್ ಮಾಡಬೇಕು. ಈಗಿನ ಮಕ್ಕಳು ಅದನ್ನು ನೋಡಿದರೆ ಹೆದರುತ್ತಾರೆ. ನಮ್ಮ ಶಾಖೆಗೆ ಮೊದಲು ಬಂದ ಲೆಜರ್ ಪೋಸ್ಟಿಂಗ್ ಮೆಷಿನ್‌ಗೂ ಮೌಸ್ ಇರಲಿಲ್ಲ, ಹಾಗಾಗಿ ನನಗೆ ಅದು ಹಳೇ ಗೆಳೆಯನಂತೆ ಕಂಡಿತು.

ಮೊದಲ ಆಜ್ಞೆ ಜಿಟಿಸೆಲೆಕ್ಟ್, ಬೇಕಾದ ಎಂಟ್ರಿಗಳನ್ನು ಆರಿಸುವುದು. ಅಲ್ಲೇ ಎಡವಿದೆ. ಜೆನಿತ್ ಕೋನ, ಅಂದರೆ ನೆತ್ತಿಯಿಂದ ಅಳೆಯುವ ಕೋನ, 90 ಎಂದು ಕೊಡುವಲ್ಲಿ 180 ಕೊಟ್ಟುಬಿಟ್ಟೆ. ಎಷ್ಟು ಮಾಡಿದರೂ ಹಿನ್ನೆಲೆಯ ಫೋಟಾನ್‌ಗಳು ಲೆಕ್ಕಕ್ಕಿಂತ ಜಾಸ್ತಿ ಬರುತ್ತಿದ್ದವು. ಕಾರಣ ನಮ್ಮ ಭೂಮಿಯೇ. ಕಾಸ್ಮಿಕ್ ಕಿರಣಗಳು, ಅಂದರೆ ಬಾಹ್ಯಾಕಾಶದ ಭಾರಿ ವೇಗದ ಕಣಗಳು, ಬಂದು ವಾತಾವರಣಕ್ಕೆ ಬಡಿದಾಗ ಗಾಮಾ ಕಿರಣ ಹುಟ್ಟುತ್ತದೆ, ಮೇಲಿನಿಂದ ನೋಡುವವರಿಗೆ ಭೂಮಿಯ ಅಂಚು ಹೆದ್ದಾರಿಯಲ್ಲಿ ಎದುರಿಗೆ ಬರುವ ಲಾರಿಯ ಹೈಬೀಮ್ ಇದ್ದಂತೆ. ಆ ದಿಕ್ಕನ್ನು ಕತ್ತರಿಸಿ ಹಾಕಲೇಬೇಕು. ಕಾಸ್ಮಿಕ್ ಕಿರಣದ ಅಧ್ಯಯನದಿಂದಲೇ ಶುರು ಮಾಡಿದ ಯು.ಆರ್. ರಾಯರ ಅದಮಾರು ನಮ್ಮ ಮನೆಯಿಂದ ದೂರವೇನಿಲ್ಲ. ಸುಮ್ನೆ ನೆನಪಾಯಿತು.

ಆಮೇಲೆ ದೂರದರ್ಶಕ ಯಾವ ದಿಕ್ಕನ್ನು ಎಷ್ಟು ಹೊತ್ತು ನೋಡಿದೆ ಎಂಬ ಲೆಕ್ಕ. ಕೌಂಟರ್ ಎಷ್ಟು ಗಂಟೆ ತೆರೆದಿತ್ತು ಎಂದು ತಿಳಿಯದೆ ವ್ಯವಹಾರ ಕಡಿಮೆ ಎನ್ನುವಂತಿಲ್ಲ, ಅಲ್ವಾ? ಇದು ಮುಗಿಯಲು ತುಂಬ ಹೊತ್ತು ಬೇಕು, ನಡುವೆ ಎರಡು ಸಲ ಕರೆಂಟ್ ಹೋಯಿತು. ಹಳೇ ಲ್ಯಾಪ್‌ಟಾಪಿನ ಬ್ಯಾಟರಿ ಕೈಕೊಟ್ಟಿತು. ಮೂರನೇ ಸಲ ಇನ್ವರ್ಟರ್ ಪಕ್ಕದಲ್ಲೇ ಇಟ್ಟು ಮಲಗಿದೆ.

ಕೊನೆಗೆ ಜಿಟಿಲೈಕ್. ಇದು ಟ್ರಯಲ್ ಬ್ಯಾಲೆನ್ಸ್. ಬಂದ ಫೋಟಾನ್‌ಗಳಲ್ಲಿ ಆಕಾಶಗಂಗೆಯ ಅನಿಲದಿಂದ ಬಂದದ್ದೆಷ್ಟು, ಎಲ್ಲ ದಿಕ್ಕಿನಿಂದ ಸಮನಾಗಿ ಬರುವುದೆಷ್ಟು, ಗೊತ್ತಿರುವ ಮೂಲಗಳಿಂದ ಎಷ್ಟು ಎಂದು ಹಂಚಿ ನೋಡುತ್ತದೆ. ಒಂದು ಮೂಲ ನಿಜಕ್ಕೂ ಇದೆಯೇ ಎನ್ನಲು ಒಂದು ಅಂಕಿ ಕೊಡುತ್ತದೆ. ಅದು 25 ದಾಟಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಏಡಿ ನೀಹಾರಿಕೆ ಆರಾಮಾಗಿ ದಾಟಿತು. ಇದನ್ನೆಲ್ಲ ಒಟ್ಟಿಗೆ ಮಾಡಿಸುವ ಫರ್ಮಿಪೈ ಕೂಡ ಇದೆ. ಆದರೂ ಒಮ್ಮೆ ಕೈಯಲ್ಲಿ ಕೂಡಿಸಿದ ಮೇಲೆಯೇ ಕ್ಯಾಲ್ಕುಲೇಟರ್ ಮುಟ್ಟಬೇಕು ಎನ್ನುವವರ ಪೈಕಿ ನಾನು.

ನಕ್ಷೆಯ ಎಡ ಅಂಚಿನಲ್ಲಿ ಇನ್ನೊಂದು ಚುಕ್ಕೆ ಹೊಳೆಯುತ್ತಿತ್ತು. ತಪ್ಪು ಎಂಟ್ರಿ ಎಂದುಕೊಂಡೆ. ಅಲ್ಲವಂತೆ, ಅದು ಜೆಮಿಂಗಾ ಎಂಬ ಪಲ್ಸಾರ್, ಗಿರಗಿರ ತಿರುಗುವ ಸತ್ತ ನಕ್ಷತ್ರ. ಗಾಮಾ ಕಿರಣದಲ್ಲಿ ಅಷ್ಟು ಹೊಳೆಯುವ ಅದು ಬೇರೆ ದೂರದರ್ಶಕಗಳಿಗೆ ವರ್ಷಗಟ್ಟಲೆ ಸಿಕ್ಕಿರಲಿಲ್ಲ. ಇಟಲಿಯ ಮಿಲಾನಿನ ಆಡುಮಾತಿನಲ್ಲಿ ಆ ಹೆಸರಿಗೆ "ಅದು ಅಲ್ಲಿಲ್ಲ" ಎಂಬ ಅರ್ಥವೂ ಇದೆ. ನಮ್ಮ ತುಳುವಿನಲ್ಲಾದರೆ "ಇಜ್ಜಿ". ಅಂದಿನಿಂದ ನಮ್ಮ ಮನೆಯಲ್ಲಿ ಅದರ ಹೆಸರು ಇಜ್ಜಿ.

ಈಗ ಲ್ಯಾಪ್‌ಟಾಪ್ ವಿಷಯ. ಅವಳ ಕಾಲೇಜಿನ ಲ್ಯಾಬಿನಲ್ಲಿ 40 ಕಂಪ್ಯೂಟರ್ ಇವೆ. ಎಲ್ಲದರಲ್ಲೂ ವಿಂಡೋಸ್. ಹೊಸ ತಂತ್ರಾಂಶ ಹಾಕಲು ಬೇಕಾದ ಪಾಸ್‌ವರ್ಡ್ ಹೊರಗಿನ ಗುತ್ತಿಗೆಯವರ ಹತ್ತಿರ. ಅವರು ಬರುವುದು ಮಂಗಳವಾರ. ಈ ಮಳೆಗೆ ಎರಡು ಮಂಗಳವಾರ ರಜೆ ಘೋಷಣೆಯಾಯಿತು, ಮೂರನೆಯದಕ್ಕೆ ಅವರೇ ಬರಲಿಲ್ಲ. ನಾಲ್ಕನೆಯದಕ್ಕೆ ಬಂದವರು, "ಇದು ಸಿಲೆಬಸ್‌ನಲ್ಲಿ ಇಲ್ವಲ್ಲ" ಎಂದರಂತೆ. ಉಪನ್ಯಾಸಕರಿಗೆ ಪಾಪ, ಮಾಡಿಸಬೇಕೆಂಬ ಮನಸ್ಸಿದೆ. ಪಾಸ್‌ವರ್ಡ್ ಇಲ್ಲ.

2010ರಲ್ಲಿ ಆಕಾಶಗಂಗೆಯ ನಡುವಿನಿಂದ ಮೇಲಕ್ಕೂ ಕೆಳಕ್ಕೂ 25,000 ಜ್ಯೋತಿರ್ವರ್ಷ ಹಬ್ಬಿದ ಎರಡು ಗುಳ್ಳೆಗಳನ್ನು ಕಂಡುಹಿಡಿದವರು ಇದೇ ಮುಕ್ತ ಫೈಲುಗಳನ್ನು ಇಟ್ಟುಕೊಂಡು ಕೂತ ಮೂವರು. ಅದು ಅಮೆರಿಕದ ಮಾತು ಎನ್ನಬಹುದು. ಲಡಾಖಿನ ಹಾನ್ಲೆಯಲ್ಲಿ ಸುಮಾರು 4,300 ಮೀಟರ್ ಎತ್ತರದಲ್ಲಿ ನಮ್ಮದೇ ಮೇಸ್ ದೂರದರ್ಶಕ ಇದೆ, 21 ಮೀಟರ್ ಅಗಲದ್ದು, ಗಾಮಾ ಕಿರಣ ವಾತಾವರಣಕ್ಕೆ ಬಡಿದಾಗ ಏಳುವ ಬೆಳಕಿನ ಮಿಂಚನ್ನು ನೆಲದಿಂದಲೇ ಹಿಡಿಯುವಂಥದ್ದು. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು. ಅದು ಹಿಡಿಯುವ ದತ್ತಾಂಶಕ್ಕೂ ಕೂತು ಲೆಕ್ಕ ಹಾಕುವವರು ಬೇಕಲ್ಲ? ನಮ್ಮ ಕಾಲೇಜುಗಳಿಂದ ಯಾಕೆ ಹೋಗಬಾರದು?

ಉಡುಪಿ, ಮಂಗಳೂರಿನ ಪ್ರಾಂಶುಪಾಲರಲ್ಲಿ ನನ್ನ ಕೋರಿಕೆ ದೊಡ್ಡದಲ್ಲ. ಫಿಸಿಕ್ಸ್ ವಿಭಾಗಕ್ಕೆ ಒಂದು ಕಂಪ್ಯೂಟರ್ ಬಿಟ್ಟುಕೊಡಿ. ಹಳೆಯದೇ ಇರಲಿ, ಅದಕ್ಕೆ ಲಿನಕ್ಸ್ ಹಾಕಿಸಿ. ಪಾಸ್‌ವರ್ಡ್ ವಿಭಾಗದ ಮುಖ್ಯಸ್ಥರ ಕೈಯಲ್ಲಿರಲಿ. ಬ್ಯಾಂಕಿನಲ್ಲಿ ಸ್ಟ್ರಾಂಗ್ ರೂಮಿನ ಬೀಗದ ಕೈಯನ್ನೇ ಇಬ್ಬರು ನೌಕರರ ಹತ್ತಿರ ನಂಬಿ ಕೊಡುತ್ತಿದ್ದರು, ಅದಕ್ಕಿಂತ ದೊಡ್ಡ ಗುಟ್ಟೇ ಈ ಪಾಸ್‌ವರ್ಡ್? ನನ್ನ ಲ್ಯಾಪ್‌ಟಾಪ್ ಸದ್ಯಕ್ಕೆ ಅವಳ ಗೆಳತಿಯ ಮನೆಯಲ್ಲಿದೆ, ಈ ಪತ್ರವನ್ನು ಕೈಯಲ್ಲೇ ಬರೆದಿದ್ದೇನೆ.

— ನಿವೃತ್ತ ಬ್ಯಾಂಕ್ ನೌಕರ, ಕಟಪಾಡಿ, ಉಡುಪಿ ಜಿಲ್ಲೆ