ಎಂಜಿನ್ ಟ್ಯೂನಿಂಗ್ ಕಲಿಯುತ್ತಿರುವವರ ಗಮನಕ್ಕೆ

ಪುಣೆ, ಪಿಂಪ್ರಿ-ಚಿಂಚ್‌ವಡದ ಬಳಗದವರಿಗೆ ನಮಸ್ಕಾರ. ಹೊಸಬರು ಕಾರಿಗೆ ಲ್ಯಾಪ್‌ಟಾಪ್ ಜೋಡಿಸುವ ಮೊದಲು ದಯವಿಟ್ಟು ಇದನ್ನು ಓದಿ.

ಇಸಿಯುವಿನ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಮೂಲ ಫೈಲನ್ನು ಎರಡು ಕಡೆ ಉಳಿಸಿಕೊಳ್ಳದೆ ಒಂದು ಅಂಕಿಯನ್ನೂ ಮುಟ್ಟಬೇಡಿ. ಹೊಸ ಫೈಲ್ ಬರೆಯುವಾಗ ಬ್ಯಾಟರಿ ಕುಸಿದರೆ ಇಸಿಯು ಕೆಡಬಹುದು. ಚಾರ್ಜರ್ ಹಾಕಿಯೇ ಇರಲಿ.

ಶುದ್ಧ ಪೆಟ್ರೋಲ್ ಪೂರ್ಣ ಉರಿಯಲು ತೂಕದಲ್ಲಿ ಅದರ ಸುಮಾರು 14.7 ಪಟ್ಟು ಗಾಳಿ ಬೇಕು. ನಮ್ಮ ಬಂಕ್‌ಗಳ ಇ20 ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುವುದರಿಂದ ಈ ಲೆಕ್ಕ ತಗ್ಗುತ್ತದೆ. ವಿದೇಶಿ ವಿಡಿಯೊಗಳ ಅಂಕಿಗಳನ್ನು ಕಣ್ಣುಮುಚ್ಚಿ ನಕಲು ಮಾಡುವವರಿಗೆ ಇದು ಹೊಳೆಯುವುದೇ ಇಲ್ಲ! ಪೂರ್ಣ ಥ್ರಾಟಲ್‌ನಲ್ಲಿ (ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ) ಗಾಳಿಯ ಲೆಕ್ಕಕ್ಕೆ ಇಂಧನ ಕಡಿಮೆಯಾದರೆ, ಇಲ್ಲವೇ ಇಗ್ನಿಷನ್ ಟೈಮಿಂಗ್ (ಕಿಡಿ ಹಾರುವ ಗಳಿಗೆ) ಅತಿಯಾಗಿ ಮುಂಚಿತವಾದರೆ, ನಾಕಿಂಗ್ (ಸಿಲಿಂಡರಿನಲ್ಲಿ ಇಂಧನ ತಾನಾಗಿಯೇ ಸಿಡಿಯುವುದು) ಶುರುವಾಗಿ ಪಿಸ್ಟನ್ ತೂತಾಗುವವರೆಗೂ ಹೋಗಬಹುದು. ಗಾಳಿ-ಇಂಧನದ ಪ್ರಮಾಣ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್ ಇಲ್ಲದೆ ಊಹೆಯ ಮೇಲೆ ಟ್ಯೂನ್ ಮಾಡಬೇಡಿ. ಟೈಮಿಂಗ್ ಬದಲಿಸುವುದಾದರೆ ಒಂದೊಂದೇ ಡಿಗ್ರಿ, ಪ್ರತಿ ಸಲವೂ ಲಾಗ್ (ಎಂಜಿನ್ ಓಡುವಾಗ ದಾಖಲಾದ ಅಂಕಿಗಳು) ನೋಡಿ.

ಪರೀಕ್ಷೆ ಡೈನೊ (ಕಾರನ್ನು ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರ) ಮೇಲೆ ನಡೆಯಲಿ. ಖಂಡಾಲಾ ಘಾಟ್ ಯಾರ ಪ್ರಯೋಗಶಾಲೆಯೂ ಅಲ್ಲ. ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಓಡಿಸಬೇಡಿ, ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ. ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತುಹಾಕುವ ಮಾತು ಇಲ್ಲಿ ಬೇಡ.

ಸಂದೇಹ ಕೇಳುವಾಗ ಕಾರಿನ ಮಾದರಿ, ಇಂಧನ, ಲಾಗ್ ಫೈಲ್ ಹಾಕಿ. ಬರೀ ‘ಪಿಕಪ್ ಇಲ್ಲ’ ಎಂದರೆ ಉತ್ತರಿಸುವುದು ಹೇಗೆ?