ಮಾಕ್ ಡ್ರಾಫ್ಟ್: ಗ್ರೇಡ್ ಬಿಡಿ, ಸರದಿ ಎಣಿಸಿ

ಮಾನ್ಯ ಸಂಪಾದಕರೇ,

ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಮೇಲೆ, ಫ್ಯಾಂಟಸಿ ಎಂದೊಡನೆ ಜೂಜು ಎಂದುಕೊಳ್ಳುವವರಿದ್ದಾರೆ. ಒಂದು ರೂಪಾಯಿಯನ್ನೂ ಇಡದೆ ಗೆಳೆಯರು ನಡೆಸುವ ಅಮೆರಿಕನ್ ಫುಟ್‌ಬಾಲ್ ಫ್ಯಾಂಟಸಿ ಲೀಗ್‌ಗಳ ಮಾತೇ ಬೇರೆ: ನಿಜವಾದ ಆಟಗಾರರನ್ನು ಆರಿಸಿ ಕಾಲ್ಪನಿಕ ತಂಡ ಕಟ್ಟುತ್ತಾರೆ, ಅವರು ಮೈದಾನದಲ್ಲಿ ಆಡಿದಂತೆ ಅಂಕ ಸಿಗುತ್ತದೆ. ಅಮೆರಿಕದವರ ಜೊತೆ ಕೆಲಸ ಮಾಡುವ ಬೆಂಗಳೂರಿನ ಐಟಿ ಮಂದಿಗೆ ಆಗಸ್ಟ್ ಕೊನೆಗೆ ಇಂಥ ಲೀಗಿಗೆ ಕರೆ ಬರುವುದುಂಟು. ಆಟವೂ ಹೊಸದು, ಆಟಗಾರರ ಹೆಸರೂ ಹೊಸದು. ಆಟಗಾರರನ್ನು ಸರದಿಯಂತೆ ಆರಿಸುವುದೇ ಡ್ರಾಫ್ಟ್; ಅಂಥವರಿಗೆ ಅದರ ಅಣಕು ಅಭ್ಯಾಸವಾದ ಮಾಕ್ ಡ್ರಾಫ್ಟ್‌ಗಿಂತ ಒಳ್ಳೆಯ ತಾಲೀಮು ಇಲ್ಲ, ಸರಿಯಾಗಿ ಮಾಡಿದರೆ.

ಈ ಡ್ರಾಫ್ಟ್ ಐಪಿಎಲ್ ಹರಾಜಿನಂತಲ್ಲ, ಬೆಲೆ ಕೂಗುವುದಿಲ್ಲ. 12 ಜನರಿದ್ದರೆ ಮೊದಲ ಸುತ್ತು 1ರಿಂದ 12ರವರೆಗೆ ಸಾಗಿ, ಎರಡನೆಯದು 12ರಿಂದ 1ಕ್ಕೆ ಹಿಂದಿರುಗುತ್ತದೆ. ಹಾವಿನ ನಡೆಯಂತೆ ಇರುವುದರಿಂದ ಸ್ನೇಕ್ ಡ್ರಾಫ್ಟ್ ಎಂಬ ಹೆಸರು. ಒಬ್ಬರು ಆರಿಸಿದ ಆಟಗಾರ ಇನ್ನೊಬ್ಬರಿಗೆ ಸಿಗುವುದಿಲ್ಲ.

ಮೊದಲು ನಿಮ್ಮ ಲೀಗಿನ ಅಂಕ ನಿಯಮ ಕೇಳಿಕೊಂಡು, ಮಾಕ್‌ನಲ್ಲೂ ಅದನ್ನೇ ಇಡಿ. ಹಿಡಿದ ಪ್ರತಿ ಚೆಂಡಿಗೂ ಒಂದು ಅಂಕ ಕೊಡುವ ಪದ್ಧತಿಗೆ ಪಿಪಿಆರ್ ಎನ್ನುತ್ತಾರೆ. 7 ಚೆಂಡು ಹಿಡಿದು 80 ಗಜ ಗಳಿಸಿದ ರಿಸೀವರ್‌ಗೆ ಸಾಮಾನ್ಯ ಪದ್ಧತಿಯಲ್ಲಿ ಹತ್ತು ಗಜಕ್ಕೆ ಒಂದರಂತೆ 8 ಅಂಕ, ಪಿಪಿಆರ್‌ನಲ್ಲಿ 15. ಒಂದೇ ಆಟ, ಹೆಚ್ಚುಕಡಿಮೆ ಎರಡು ಪಟ್ಟು ಅಂಕ! ನಿಯಮ ನೋಡದೆ ಹತ್ತು ಸಲ ತಾಲೀಮು ಮಾಡಿದರೂ ಬೇರೆ ಲೀಗಿಗೆ ಸಿದ್ಧರಾದಂತೆ. ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳನ್ನು (ಚೆಂಡು ಎಸೆಯುವವರನ್ನು) ಆಡಿಸುವ ಲೀಗಾದರಂತೂ ಮೊದಲ ಸುತ್ತಿನಿಂದಲೇ ಲೆಕ್ಕ ತಲೆಕೆಳಗು.

ಮಾಕ್‌ನಲ್ಲಿ ನಿಜವಾಗಿ ಕಲಿಯಬೇಕಾದದ್ದು ಸರದಿಯ ನಡುವಿನ ಎಣಿಕೆ. 12ನೇ ಸ್ಥಾನದವರಿಗೆ 12 ಮತ್ತು 13ನೇ ಆಯ್ಕೆ ಒಟ್ಟಿಗೇ ಬರುತ್ತವೆ. ಆಮೇಲೆ 36ರವರೆಗೆ ಕಾಯಬೇಕು, ಅಷ್ಟರಲ್ಲಿ 22 ಆಟಗಾರರು ಕೈತಪ್ಪಿರುತ್ತಾರೆ. 10ನೇ ಸ್ಥಾನದ ಲೆಕ್ಕ ಇನ್ನೂ ಸೊಗಸು. 34ನೇ ಆಯ್ಕೆಯಾದ ಮೇಲೆ ಮತ್ತೆ ಸರದಿ ಬರುವುದು 39ಕ್ಕೆ. ನಡುವಿನ ನಾಲ್ಕೂ ಆಯ್ಕೆ 11 ಮತ್ತು 12ನೆಯವರದ್ದೇ. ಅವರಿಬ್ಬರ ಬಳಿಯೂ ಆಗಲೇ ಕ್ವಾರ್ಟರ್‌ಬ್ಯಾಕ್ ಇದ್ದರೆ, ಒಬ್ಬನೇ ಸಾಕಾಗುವ ಲೀಗಿನಲ್ಲಿ ಅವರು ಅಷ್ಟು ಬೇಗ ಇನ್ನೊಬ್ಬನನ್ನು ಎತ್ತುವುದು ಅಪರೂಪ. ನೀವು 34ರಲ್ಲಿ ರಿಸೀವರ್ ತೆಗೆದುಕೊಂಡು, ಕ್ವಾರ್ಟರ್‌ಬ್ಯಾಕ್‌ನನ್ನು 39ಕ್ಕೆ ಇಟ್ಟುಕೊಳ್ಳಬಹುದು. ಇದು ಓದಿದರೆ ಬರುವುದಲ್ಲ. ಗಡಿಯಾರ 30 ಸೆಕೆಂಡ್ ಎಣಿಸುತ್ತಿರುವಾಗ ಪಕ್ಕದವರ ತಂಡದ ಮೇಲೆ ಕಣ್ಣಾಡಿಸುವ ರೂಢಿಯಾಗಬೇಕು. ಸಮಬಲದ ಆಟಗಾರರನ್ನು ಗುಂಪು ಮಾಡಿ, ಗುಂಪುಗಳ ನಡುವೆ ಗೆರೆ ಎಳೆದ ಹಾಳೆಯೊಂದು ಪಕ್ಕದಲ್ಲಿರಲಿ. ಹೋದವರ ಹೆಸರು ಹೊಡೆದುಹಾಕುತ್ತ ಬಂದರೆ ಯಾವ ಗುಂಪು ಬರಿದಾಗುತ್ತಿದೆ ಎಂಬುದು ತಾನಾಗಿ ಕಾಣುತ್ತದೆ.

ಆರು ಮಾಕ್ ಸಾಕು: ಆರಂಭದ, ನಡುವಿನ, ಕೊನೆಯ ಸ್ಥಾನಗಳಿಂದ ಎರಡೆರಡು. ನಿಜವಾದ ಡ್ರಾಫ್ಟ್ ಯಾವ ಆ್ಯಪ್‌ನಲ್ಲೋ ಅದರಲ್ಲೇ ಮಾಡಿ, ಏಕೆಂದರೆ ಪರದೆಯ ಮೇಲಿನ ಪಟ್ಟಿಯ ಕ್ರಮವೇ ಎಲ್ಲರ ಕೈಯನ್ನೂ ಎಳೆಯುತ್ತದೆ. ಅಪರಿಚಿತರ ಜೊತೆಗಿನ ಮಾಕ್‌ನಲ್ಲಿ ಐದಾರು ಸುತ್ತಾದ ಮೇಲೆ ಎದ್ದು ಹೋಗುವವರು ಬಹಳ, ಉಳಿದದ್ದನ್ನು ಕಂಪ್ಯೂಟರ್ ಆರಿಸುತ್ತದೆ. ಹಾಗಾಗಿ ಕೊನೆಯ ಸುತ್ತುಗಳಲ್ಲಿ ಒಳ್ಳೆಯ ಆಟಗಾರ ಉಳಿದಿದ್ದರೆ ಅದನ್ನು ನೆಚ್ಚಬೇಡಿ. ಕೊನೆಗೆ ಸಿಗುವ ‘ಎ’ ಗ್ರೇಡ್ ಕೂಡ ಅಷ್ಟೇ. ಆ್ಯಪ್ ತನ್ನದೇ ಅಂದಾಜಿಗೆ ನಿಮ್ಮ ತಂಡವನ್ನು ಹೋಲಿಸಿ ಕೊಟ್ಟ ಗುರುತು ಅದು. ಕಿಕ್ಕರ್ (ಚೆಂಡು ಒದೆಯುವವ), ಡಿಫೆನ್ಸ್ (ಒಂದು ತಂಡದ ಇಡೀ ರಕ್ಷಣಾ ಪಡೆ)ಗಳನ್ನು ಕೊನೆಯ ಎರಡು ಸುತ್ತಿಗೆ ಬಿಡಿ.

ಜುಲೈಯ ಮಾಕ್ ಆಗಸ್ಟ್ ಕೊನೆಗೆ ಹಳಸುತ್ತದೆ. ಅಭ್ಯಾಸ ಪಂದ್ಯಗಳಲ್ಲಿ ಆಟಗಾರರು ಗಾಯಾಳುಗಳಾಗುತ್ತಾರೆ, ಉಳಿದವರನ್ನು ಕೈಬಿಟ್ಟು ತಂಡಗಳು 53 ಜನರಿಗೆ ಇಳಿಯುತ್ತವೆ. ಕೊನೆಯ ಎರಡು ಮಾಕ್‌ಗಳನ್ನು ಡ್ರಾಫ್ಟ್‌ನ ಹಿಂದಿನ ಮೂರು ದಿನಕ್ಕೆ ಉಳಿಸಿಕೊಳ್ಳಿ.

ಇನ್ನು ನಮ್ಮೂರಿನ ತೊಡಕು. ನ್ಯೂಯಾರ್ಕಿನ ಭಾನುವಾರ ಸಂಜೆ 7 ಎಂದರೆ ಇಲ್ಲಿ ಸೋಮವಾರ ನಸುಕಿನ 4.30. 15 ಸುತ್ತಿಗೆ 180 ಆಯ್ಕೆ, ಒಂದಕ್ಕೆ ನಿಮಿಷದಂತೆ ಕೊಟ್ಟರೆ ಮೂರು ಗಂಟೆವರೆಗೂ ಎಳೆಯಬಹುದು. ನಡುವೆ ಕರೆಂಟ್ ಹೋಗಿ ವೈಫೈ ನಿಂತರೆ ಆ್ಯಪ್ ತಾನೇ ಆರಿಸಿಬಿಡುತ್ತದೆ. ಫೋನಿನ ಡೇಟಾ ಸಿದ್ಧವಿರಲಿ, ಮುಂದೆ ಆರಿಸಬೇಕೆಂದವರನ್ನು ಆ್ಯಪ್‌ನಲ್ಲಿ ಸಾಲಾಗಿ ಗುರುತಿಸಿಡುವ ಕ್ಯೂನಲ್ಲಿ ಸದಾ ಎಂಟು ಹತ್ತು ಹೆಸರಿರಲಿ.

ಸೆಪ್ಟೆಂಬರ್‌ನಲ್ಲಿ ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಎನ್‌ಎಫ್‌ಎಲ್ ಶುರುವಾಗುವ ಮೊದಲು ತಮ್ಮ ಕ್ರೀಡಾಪುಟದಲ್ಲಿ ಅಂಕ ನಿಯಮಗಳ ಪುಟ್ಟ ಕೋಷ್ಟಕವೊಂದನ್ನು ಪ್ರಕಟಿಸಬೇಕೆಂದು ವಿನಂತಿ.

– ಓದುಗ, ಜಯನಗರ, ಬೆಂಗಳೂರು