ಹೋಂವರ್ಕ್ ಮಕ್ಕಳ ಡೈರಿಗೆ ವಾಪಸ್ ಬರಲಿ

ಮಾನ್ಯ ಸಂಪಾದಕರೇ,

ನನ್ನ ಮಗಳು ನಾಲ್ಕನೇ ಕ್ಲಾಸು. ಹೋದ ತಿಂಗಳು ಒಂದು ದಿನ ನಾನು ಕೆಲಸದಿಂದ ಬರುವಷ್ಟರಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಊಟ ಬೇಡ ಅಂದಳು. ತಲೆ ಸವರಿ, ಏನಾಯ್ತು ಮಗಳೇ ಅಂತ ಕೇಳಿದೆ. "ಅಮ್ಮ, ನೀನು ಫೋನ್ ನೋಡಿಲ್ಲ ಅಂತ ನನ್ನ ನಿಲ್ಲಿಸಿದ್ರು" ಅಂದಳು.

ಹಿಂದಿನ ರಾತ್ರಿ 9.20ಕ್ಕೆ ಕ್ಲಾಸಿನ ವಾಟ್ಸ್‌ಆ್ಯಪ್ ಗ್ರೂಪಿಗೆ ಮೆಸೇಜ್ ಬಂದಿತ್ತು. ನಾಳೆ ಐದು ಥರದ ಎಲೆ ಅಂಟಿಸಿದ ಚಾರ್ಟ್ ತರಬೇಕು ಅಂತ. ನಾನು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಬೆಳಿಗ್ಗೆ ಏಳೂವರೆಗೆ ಗಾಡಿ ಬರುತ್ತದೆ, ಮನೆ ಸೇರುವುದು ಸಂಜೆ ಏಳಕ್ಕೆ. ಕೆಲಸಕ್ಕೆ ಕೂತ ಮೇಲೆ ಫೋನ್ ಮುಟ್ಟುವಂತಿಲ್ಲ. ಅಡುಗೆ, ಪಾತ್ರೆ ಮುಗಿಸಿ ಒಂಬತ್ತಕ್ಕೆಲ್ಲ ಮಲಗುತ್ತೇವೆ. ಆ ಮೆಸೇಜ್ ನೋಡಿದ್ದು ಬೆಳಗಿನ ಜಾವ ಎದ್ದಾಗ. ಎಲೆ ಹಿತ್ತಲಲ್ಲೇ ಇತ್ತು. ಚಾರ್ಟ್ ಶೀಟ್ ಎಲ್ಲಿಂದ ತರಲಿ? ಅಷ್ಟು ಹೊತ್ತಿಗೆ ಯಾವ ಅಂಗಡಿ ತೆಗೆದಿರುತ್ತದೆ?

ಮಕ್ಕಳ ಓದಿನ ಮೇಲೆ ಮನೆಯವರು ಕಣ್ಣಿಡಬೇಕು ಅಂತ ಎಲ್ಲರೂ ಹೇಳುತ್ತಾರೆ. ನನಗೂ ಅದೇ ಆಸೆ. ಆದರೆ ಈಗ ಕಣ್ಣಿಡುವುದು ಅಂದರೆ ಫೋನ್ ನೋಡುವುದು ಅಂತಾಗಿದೆ. ಗ್ರೂಪಿನಲ್ಲಿ ಬೆಳಿಗ್ಗೆ ಹೂವಿನ ಚಿತ್ರ, ಆಮೇಲೆ ಯಾರದ್ದೋ ಹುಟ್ಟುಹಬ್ಬ, ಅದಕ್ಕೆ ಮೂವತ್ತು ಜನರ ಶುಭಾಶಯ, ಮಧ್ಯೆ ಎಲ್ಲೋ ಹೋಂವರ್ಕು. ಅದೂ ಇಂಗ್ಲಿಷಿನಲ್ಲಿ, ಅರ್ಧರ್ಧ ಅಕ್ಷರದಲ್ಲಿ. ನಾನು ಕನ್ನಡ ಮೀಡಿಯಂನಲ್ಲಿ ಎಸ್ಸೆಸ್ಸೆಲ್ಸಿ ಓದಿದವಳು. ಪಕ್ಕದ ಮನೆಯವರು ಅದನ್ನೂ ಓದಿಲ್ಲ. ಅವರ ಮನೆಯಲ್ಲಿ ಇರುವುದು ಒಂದೇ ದೊಡ್ಡ ಫೋನು, ಅದು ಯಜಮಾನರ ಜೊತೆ ಲಾರಿಯಲ್ಲಿ ಹುಬ್ಬಳ್ಳಿ ಕಡೆ ಹೋಗಿರುತ್ತದೆ. ಆ ಮಗುವಿನ ಹೋಂವರ್ಕೂ ಲಾರಿಯಲ್ಲೇ ತಿರುಗುತ್ತಿರುತ್ತದೆ, ಅಲ್ವಾ?

ಕ್ಲಾಸಿನಲ್ಲಿ ಕೂತಿದ್ದು ಮಗು. ಪಾಠ ಕೇಳಿದ್ದೂ ಮಗು. ಹೋಂವರ್ಕ್ ಏನು ಅನ್ನುವುದು ಮಾತ್ರ ಮಗುವಿಗೆ ಗೊತ್ತಿರುವುದಿಲ್ಲ! ನಾವು ಓದುವಾಗ ಬೋರ್ಡಿನ ಮೂಲೆಯಲ್ಲಿ ಮೇಷ್ಟ್ರು ಬರೆಯುತ್ತಿದ್ದರು, ನಾವು ಬರೆದುಕೊಂಡು ಬರುತ್ತಿದ್ದೆವು. ಮರೆತರೆ ಅದು ನಮ್ಮ ತಪ್ಪು, ಬೈಸಿಕೊಂಡರೂ ಒಂದು ಅರ್ಥವಿತ್ತು.

ಇನ್ನೊಂದು ವಿಷಯ ಹೇಳಲೇಬೇಕು. ನಾನು ದಿನಾ ನೋಟ್ ಬುಕ್ ತೆಗೆದು ನೋಡುತ್ತಿದ್ದೆ. ಪ್ರತಿ ಪುಟದಲ್ಲೂ ಕೆಂಪು ರೈಟ್ ಮಾರ್ಕು. ನೋಡಿ ಖುಷಿಪಡುತ್ತಿದ್ದೆ. ಭಾಗಾಕಾರದ ಲೆಕ್ಕ ಎರಡು ಪುಟ ತುಂಬಾ ಇತ್ತು, ಎಲ್ಲ ಸರಿ. ಒಂದು ಭಾನುವಾರ ಸೊಪ್ಪು ಬಿಡಿಸುತ್ತಾ ಸುಮ್ನೆ ಕೇಳಿದೆ, "84 ರೂಪಾಯಿನ ನಾಲ್ಕು ಜನಕ್ಕೆ ಹಂಚಿದರೆ ಒಬ್ಬೊಬ್ಬರಿಗೆ ಎಷ್ಟು ಬರುತ್ತೆ ಪುಟ್ಟಿ?" ಅಂತ. ಅವಳಿಗೆ ಹೊಳೆಯಲಿಲ್ಲ. ಬುಕ್ಕಿನಲ್ಲಿ ಅದೇ ಲೆಕ್ಕ ಇತ್ತು, ಬೋರ್ಡು ನೋಡಿ ಬರೆದುಕೊಂಡಿದ್ದಳು. ಆವತ್ತು ನನಗೆ ಭಯವಾಯಿತು. ಮಾರ್ಕು ನೋಡಿದ್ದೆ, ಮಗಳನ್ನು ನೋಡಿರಲಿಲ್ಲ. ಆಮೇಲೆ ಅಕ್ಕಿ ಕಾಳು ತಂದು ನಾಲ್ಕು ತಟ್ಟೆಗೆ ಹಂಚಿಸಿದೆ. ಮೂರು ಭಾನುವಾರ ಬೇಕಾಯಿತು. ಈಗ ನಾನು ರೊಟ್ಟಿ ತಟ್ಟುವಾಗ ಅವಳು ಪಕ್ಕದಲ್ಲಿ ಕೂತು ಒಂದು ಪುಟ ಕನ್ನಡ ಗಟ್ಟಿಯಾಗಿ ಓದುತ್ತಾಳೆ, ಓದಿದ್ದನ್ನು ತನ್ನ ಮಾತಿನಲ್ಲಿ ಹೇಳುತ್ತಾಳೆ. ಹದಿನೈದು ನಿಮಿಷ ಸಾಕು. ಇದಕ್ಕೆ ಫೋನೂ ಬೇಡ, ಇಂಗ್ಲಿಷೂ ಬೇಡ.

ನನ್ನ ದೊಡ್ಡ ಮಗ ಸರ್ಕಾರಿ ಶಾಲೆಯಲ್ಲಿ ನಲಿ-ಕಲಿಯಲ್ಲಿ ಓದಿದವನು. ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಶುರುವಾಗಿ ರಾಜ್ಯಕ್ಕೆಲ್ಲ ಹಬ್ಬಿದ ಪದ್ಧತಿ ಅದು. ಅಲ್ಲಿ ಗೋಡೆ ಮೇಲೆ ಏಣಿಯ ಹಾಗೆ ಒಂದು ಚಾರ್ಟ್ ಇರುತ್ತಿತ್ತು. ಪ್ರತಿ ಮೆಟ್ಟಿಲಿಗೂ ಒಂದು ಚಿತ್ರ. ಶಾಲೆಗೆ ಹೋದಾಗ ಮೇಷ್ಟ್ರು ಕೈ ಇಟ್ಟು ತೋರಿಸುತ್ತಿದ್ದರು, "ನೋಡಿ ಅಮ್ಮ, ನಿಮ್ಮ ಹುಡುಗ ಇಲ್ಲಿದ್ದಾನೆ, ಒತ್ತಕ್ಷರ ಇನ್ನೂ ಬರಬೇಕು" ಅಂತ. ಓದು ಬರಹ ಬಾರದ ನಮ್ಮತ್ತೆಗೂ ಮೊಮ್ಮಗ ಎಲ್ಲಿದ್ದಾನೆ ಅಂತ ತಿಳಿಯುತ್ತಿತ್ತು. ಮನೆಗೆ ಬಂದು ಊರಿಗೆಲ್ಲ ಹೇಳಿಕೊಂಡು ಬರುತ್ತಿದ್ದರು.

ಈಗ ಮಗಳ ಸ್ಕೂಲಿನ ಪೋಷಕರ ಸಭೆ ಶನಿವಾರ ಹನ್ನೊಂದು ಗಂಟೆಗೆ. ನಾನು ಅರ್ಧ ದಿನದ ಸಂಬಳ, ಜೊತೆಗೆ ಆ ತಿಂಗಳ ಹಾಜರಿ ಬೋನಸ್ ಬಿಟ್ಟು ಹೋಗಬೇಕು. ಹೋದರೆ ಸಿಗುವುದು ಮೂರು ನಿಮಿಷ. "ಚೆನ್ನಾಗಿ ಓದ್ತಾಳೆ, ಇನ್ನೂ ಸ್ವಲ್ಪ ಗಮನ ಕೊಡಿ." ಯಾವುದರ ಕಡೆ ಗಮನ ಕೊಡಲಿ? ಮಿಸ್‌ಗಳನ್ನು ನಾನು ದೂರುತ್ತಿಲ್ಲ. ಒಬ್ಬೊಬ್ಬರ ಮುಂದೆ ನಲವತ್ತು ಬುಕ್ಕು, ರಾತ್ರಿ ಹತ್ತರವರೆಗೂ ಪೋಷಕರ ಫೋನು. ಅವರಿಗೂ ಮನೆ ಇದೆ, ಮಕ್ಕಳಿದ್ದಾರೆ.

ಪಿಯುಸಿ ಓದುತ್ತಿರುವ ಮಗನೇ ಕಾನೂನು ಹುಡುಕಿ ಓದಿ ಹೇಳಿದ. 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್‌ನಲ್ಲಿ ಶಿಕ್ಷಕರ ಕರ್ತವ್ಯಗಳಿವೆಯಂತೆ. ಪೋಷಕರ ಜೊತೆ ತಪ್ಪದೆ ಸಭೆ ನಡೆಸಬೇಕು, ಮಗುವಿನ ಹಾಜರಿ, ಕಲಿಯುವ ಶಕ್ತಿ, ಕಲಿಕೆ ಎಷ್ಟು ಮುಂದುವರಿದಿದೆ ಅನ್ನುವುದನ್ನು ತಿಳಿಸಬೇಕು ಅಂತ ಅದರಲ್ಲೇ ಇದೆ. 2020ರ ಕೇಂದ್ರದ ಸ್ಕೂಲ್ ಬ್ಯಾಗ್ ನೀತಿ, ಎರಡನೇ ಕ್ಲಾಸಿನವರೆಗೆ ಹೋಂವರ್ಕೇ ಬೇಡ, ಮೂರರಿಂದ ಐದನೇ ಕ್ಲಾಸಿಗೆ ವಾರಕ್ಕೆ ಹೆಚ್ಚೆಂದರೆ 2 ಗಂಟೆ ಸಾಕು ಅನ್ನುತ್ತದೆ. ನನ್ನ ಮಗಳಿಗೆ ಅಷ್ಟು ಹೊತ್ತು ಎರಡೇ ದಿನದಲ್ಲಿ ಮುಗಿದುಹೋಗುತ್ತದೆ.

ಶಿಕ್ಷಣ ಇಲಾಖೆಯವರನ್ನು, ಶಾಲೆ ನಡೆಸುವವರನ್ನು ನಾನು ಕೈಮುಗಿದು ಕೇಳುವುದು ದೊಡ್ಡದೇನಲ್ಲ. ಕ್ಲಾಸು ಬಿಡುವ ಮೊದಲು ಐದು ನಿಮಿಷ ಕೊಟ್ಟು ಹೋಂವರ್ಕನ್ನು ಮಕ್ಕಳ ಕೈಯಲ್ಲೇ ಬರೆಸಿ. ತಂದೆ ತಾಯಿಗೆ ಹೇಳುವ ಮಾತಿದ್ದರೆ ಎರಡು ಸಾಲು ಕನ್ನಡದಲ್ಲಿರಲಿ. ಸಂಜೆ ಆರರ ಮೇಲೆ ನಾಳೆಗೆ ಇದು ತನ್ನಿ, ಅದು ತನ್ನಿ ಅನ್ನುವ ಮೆಸೇಜ್ ಬೇಡ. ಎರಡು ತಿಂಗಳಿಗೊಮ್ಮೆಯಾದರೂ ಸಭೆಯನ್ನು ಭಾನುವಾರ ಇಟ್ಟುಕೊಳ್ಳಿ, ಮಿಸ್‌ಗಳಿಗೆ ಸೋಮವಾರ ರಜೆ ಕೊಡಿ. ಫೋನ್ ನೋಡದ ಅಪ್ಪ ಅಮ್ಮಂದಿರ ಮಕ್ಕಳನ್ನು ದಯವಿಟ್ಟು ನಿಲ್ಲಿಸಬೇಡಿ.

ಜೂನ್‌ನಲ್ಲಿ ಫೀಸಿನ ಜೊತೆ ದುಡ್ಡು ತೆಗೆದುಕೊಂಡು ಸ್ಕೂಲಿನವರೇ ಮಗಳಿಗೆ ಡೈರಿ ಕೊಟ್ಟಿದ್ದಾರೆ. ದಿನಕ್ಕೊಂದು ಪುಟ, ಕೆಳಗೆ ಪೋಷಕರ ಸಹಿಗೆ ಒಂದು ಗೆರೆ. ಮೊದಲ ಹತ್ತು ಪುಟದಲ್ಲಿ ನನ್ನ ಸಹಿ ಇದೆ. ಅಲ್ಲಿಂದ ಮುಂದೆ ಎಲ್ಲ ಖಾಲಿ.

– ಒಬ್ಬ ತಾಯಿ, ಮಂಡ್ಯ ಜಿಲ್ಲೆ